ಮೊಣಕಾಲಿಗೆ ತಗುಲಿದ ಗುಂಡು

ಸೇನಾಪತಿಯೊಬ್ಬನು ರಣರಂಗದಲ್ಲಿ ಮಡಿದ ಕಾರಣದಿಂದ ರಾಜ್ಯಗಳ ಭಾಗ್ಯವೇ ಬದಲಾಗಿಹೋದ ನಿದರ್ಶನಗಳನ್ನು ಚರಿತ್ರೆಯಲ್ಲಿ ಹುಡುಕುವುದು ಕಷ್ಟವಲ್ಲ. ಆದರೆ ಮಡಿಯಬಹುದಾಗಿದ್ದವನು ಕೂದಲೆಳೆಯಷ್ಟರಲ್ಲಿ ಉಳಿದುಕೊಂಡುದರಿಂದ ಲೋಕದಲ್ಲಿ ಏನೇನು ನಡೆಯಿತು, ಅವನು ಉಳಿಯದೆ ಹೋಗಿದ್ದರೆ ಏನೇನು ನಡೆಯದೆ ಹೋಗುತ್ತಿತ್ತು ಎಂಬುದನ್ನು ಕುರಿತು ಆಲೋಚಿಸುವವರು ವಿರಳ. ಉಳಿದವನ ಮುಂದಿನ ಬಾಳು ನಮಗೆ ಚಿರಪರಿಚಿತವಾಗಿರುವುದರಿಂದಲೂ, ಅವನು ಗೆದ್ದ ಯುದ್ಧಗಳೂ ಪಡೆದ ಬಿರುದುಗಳೂ ಗ್ರಂಥಗಳಲ್ಲಿ ಒಂದರ ಹಿಂದೊಂದು ಸಾಲಾಗಿ ನಿಂತಿರುವುದರಿಂದಲೂ, ಅವೆಲ್ಲವೂ ಆಗಲೇಬೇಕಾಗಿದ್ದುವೆಂಬ ಭ್ರಾಂತಿ ನಮ್ಮನ್ನು ಆವರಿಸುತ್ತದೆ. ಈ ಭ್ರಾಂತಿಯನ್ನು ಪರೀಕ್ಷಿಸುವುದಕ್ಕೆ, ನಮ್ಮ ಶ್ರೀರಂಗಪಟ್ಟಣದ ಸಮೀಪದಲ್ಲಿ 1799ನೆಯ ಇಸವಿ ಏಪ್ರಿಲ್ 5ನೆಯ ತಾರೀಖಿನ ರಾತ್ರಿ ನಡೆದ ಒಂದು ಸಣ್ಣ ಕಾಳಗಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ. ಆ ರಾತ್ರಿ ಗುಂಡೊಂದು ಇಪ್ಪತ್ತೊಂಬತ್ತು ವರ್ಷ ಪ್ರಾಯದ ಒಬ್ಬ ಕರ್ನಲನ ಮೊಣಕಾಲಿಗೆ ತಗುಲಿತು. ಬಹುದೂರ ಹಾರಿ ವೇಗಗುಂದಿದ್ದ ಗುಂಡಾದುದರಿಂದ ಅದು ಅವನಿಗೆ ಹೆಚ್ಚಿನ ಗಾಯವನ್ನೇನೂ ಮಾಡಲಿಲ್ಲ. ಆ ಕರ್ನಲನ ಹೆಸರು ಆರ್ಥರ್ ವೆಲ್ಲೆಸ್ಲಿ. ಹದಿನಾರು ವರ್ಷಗಳ ತರುವಾಯ ವಾಟರ್ಲೂ ರಣಭೂಮಿಯಲ್ಲಿ ನೆಪೋಲಿಯನ್ ಚಕ್ರವರ್ತಿಯನ್ನು ಎದುರಿಸಿ ನಿಂತ ವೆಲಿಂಗ್ಟನ್ ಡ್ಯೂಕನು ಇವನೇ.

ಆ ವರ್ಷದ ಬೇಸಗೆಯಲ್ಲಿ ಮೈಸೂರಿನ ಮೇಲೆ ದಂಡೆತ್ತಿ ಬಂದ ಆಂಗ್ಲ ಸೇನೆಯ ಅಧಿಪತಿಯು ಜನರಲ್ ಹ್ಯಾರಿಸ್ ಎಂಬುವನು. ಮದರಾಸಿನ ಸೈನ್ಯವೂ ಹೈದರಾಬಾದಿನ ನಿಜಾಮನ ಸೈನ್ಯವೂ, ಅವೆರಡರ ಸಾಮಾನು ಸರಂಜಾಮುಗಳನ್ನು ಹೊರುವ ಲಕ್ಷಕ್ಕೂ ಮಿಕ್ಕ ಎತ್ತುಗಳೂ ಅವನೊಡನೆ ಪೂರ್ವದ ಕಡೆಯಿಂದ ಘಟ್ಟವನ್ನೇರಿ ಬಂದಿದ್ದವು. ಪಶ್ಚಿಮದ ಕಡೆಯಿಂದ ಬೊಂಬಾಯಿಯ ಸೈನ್ಯವು ಕೊಡಗಿನ ಮಾರ್ಗವಾಗಿ ಬರುತ್ತಿದ್ದಿತು. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪು ಸುಲ್ತಾನನ ಪಡೆಯನ್ನು ಹಿಮ್ಮೆಟ್ಟಿಸಿದ ಹ್ಯಾರಿಸನು, ಸುಲ್ತಾನನು ನಿರೀಕ್ಷಿಸಿದ್ದ ದಾರಿಯನ್ನು ಬಿಟ್ಟು, ಸೋಸಲೆಯ ಬಳಿ ಕಾವೇರಿಯನ್ನು ದಾಟಿ, ಏಪ್ರಿಲ್ 5ರಂದು ಶ್ರೀರಂಗಪಟ್ಟಣದ ಪಶ್ಚಿಮ ಭಾಗದಲ್ಲಿ ಪಾಳೆಯ ಬಿಟ್ಟನು. ನಿಜಾಮನ ಸೈನ್ಯದ ಜೊತೆಯಲ್ಲಿ ಸೇರಿಸಲ್ಪಟ್ಟಿದ್ದ 33ನೆಯ ಕಾಲಾಳು ರೆಜಿಮೆಂಟಿಗೂ, ಆ ಇಡೀ ವಿಭಾಗಕ್ಕೂ ನಾಯಕನಾಗಿದ್ದವನು ವೆಲ್ಲೆಸ್ಲಿ. ಅವನ ಅಣ್ಣನಾದ ಮಾರ್ನಿಂಗ್ಟನ್ ಪ್ರಭುವು ಆಗ ಗವರ್ನರ್ ಜನರಲನಾಗಿದ್ದುದರಿಂದ, ಈ ತರುಣನಿಗೆ ಯೋಗ್ಯತೆಗೆ ಮೀರಿದ ಅಧಿಕಾರವು ದೊರೆತಿದೆಯೆಂದು ಅವನಿಗಿಂತ ಹಿರಿಯರಾದ ಅಧಿಕಾರಿಗಳು ಅಸಮಾಧಾನಪಟ್ಟುಕೊಂಡಿದ್ದರು. ಅವರ ಪೈಕಿ ಡೇವಿಡ್ ಬೇರ್ಡನು ಮುಖ್ಯನು. ಬೇರ್ಡನ ಮನಸ್ಸಿನ ನೋವಿಗೆ ಬೇರೊಂದು ಕಾರಣವೂ ಇದ್ದಿತು. 1780ರ ಪೊಳ್ಳಿಲೂರು ಯುದ್ಧದಲ್ಲಿ ಗಾಯಗೊಂಡು ಸೆರೆಸಿಕ್ಕ ಅವನು ಇದೇ ಶ್ರೀರಂಗಪಟ್ಟಣದಲ್ಲಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಸಂಕೋಲೆಯಲ್ಲಿ ಕಳೆದಿದ್ದನು.

ಕೋಟೆಗೂ ಪಾಳೆಯಕ್ಕೂ ನಡುವೆ ಸುಲ್ತಾನಪೇಟೆಯೆಂಬಲ್ಲಿ ತೆಂಗು, ಅಡಕೆ, ಬಿದಿರುಗಳಿಂದ ದಟ್ಟವಾದ ಒಂದು ತೋಪು. ಅದರ ಅಂಚಿನಲ್ಲಿ ಕಾಲುವೆ. ಒಳಗೆಲ್ಲ ತೋಟಕ್ಕೆ ನೀರು ಹಾಯಿಸುವ ಚಿಕ್ಕ ಚಿಕ್ಕ ತೋಡುಗಳು. ಅಲ್ಲಿ ಅಡಗಿ ಕುಳಿತ ಮೈಸೂರಿನ ಸೈನಿಕರು ಪಾಳೆಯದ ಮೇಲೆ ಅಗ್ನಿಬಾಣಗಳನ್ನು ಬಿಡಬಹುದಾಗಿದ್ದುದರಿಂದ ಆ ತೋಪು ವಶವಾಗದೆ ಮುತ್ತಿಗೆ ಹಾಕುವಂತಿರಲಿಲ್ಲ. ವೆಲ್ಲೆಸ್ಲಿಯ ಕಾಳಗಕ್ಕೆ ಹಿಂದಿನ ರಾತ್ರಿ ಬೇರ್ಡನು ಅಲ್ಲಿಗೆ ಹೋಗಿ ನೋಡಿ, ಯಾರೂ ಇಲ್ಲವೆಂದು ಹಿಂದಿರುಗಿದ್ದನು. ಹಿಂದಿರುಗುವಾಗ ಕತ್ತಲಲ್ಲಿ ಅವನ ದಂಡು ದಿಕ್ಕು ತಪ್ಪಿ ಶತ್ರುವಿನ ಕಡೆಗೇ ನಡೆಯುತ್ತಿದ್ದುದನ್ನು, ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ಆಕಾಶದ ನಕ್ಷತ್ರಗಳನ್ನು ನೋಡಿ ಕಂಡುಹಿಡಿದು ಎಚ್ಚರಿಸಿದನು. ಈ ಲ್ಯಾಂಬ್ಟನನ ವಿಷಯ ಮುಂದೆ ಮತ್ತೆ ಬರುತ್ತದೆ.

ಮರುರಾತ್ರಿಯ ಸರದಿ ವೆಲ್ಲೆಸ್ಲಿಯದು. ಹಗಲು ಹೊತ್ತಿನಲ್ಲಿ ನೆಲದ ಏರುತಗ್ಗುಗಳನ್ನು ನೋಡಿಟ್ಟುಕೊಳ್ಳದೆ, ತೋಡುಗಳು ಎಲ್ಲೆಲ್ಲಿವೆಯೆಂಬುದನ್ನು ತಿಳಿಯದೆ, ಅವನು ತನ್ನ ದಂಡಿನ ಮುಂದೆ ನಡೆದನು. ಈ ಸಲ ತೋಪು ಬರಿದಾಗಿರಲಿಲ್ಲ. ಒಳಹೊಕ್ಕ ಕೂಡಲೇ ಮುಂದಿನಿಂದಲೂ ಪಕ್ಕಗಳಿಂದಲೂ ಕೋವಿಯ ಗುಂಡುಗಳೂ ಅಗ್ನಿಬಾಣಗಳೂ ಸುರಿಯತೊಡಗಿದುವು. ಬಾಣದ ಬೆಳಕು ಕಣ್ಣಿಗೆ ಹೊಡೆದು ಆರಿದೊಡನೆ ಕತ್ತಲೆಯು ಮೊದಲಿಗಿಂತ ದಟ್ಟವಾಗುತ್ತಿದ್ದಿತು. ಸೈನಿಕರು ತೋಡುಗಳಲ್ಲಿ ಎಡವಿ ಬಿದ್ದು, ತಮ್ಮವರನ್ನೂ ಪರರನ್ನೂ ಗುರುತಿಸಲಾರದೆ ಚದುರಿದರು. ಲೆಫ್ಟೆನೆಂಟ್ ಫಿಟ್ಸ್‌ಜೆರಾಲ್ಡನೆಂಬ ಅಧಿಕಾರಿಯು ಅಲ್ಲಿ ಪ್ರಾಣ ಕಳೆದುಕೊಂಡನು. ಹನ್ನೆರಡು ಮಂದಿ ಸೆರೆಸಿಕ್ಕರು. ಅವರಾರೂ ಜೀವಂತವಾಗಿ ಹಿಂದಿರುಗಲಿಲ್ಲ. ವೆಲ್ಲೆಸ್ಲಿಯ ಮೊಣಕಾಲಿಗೆ ಗುಂಡು ತಗುಲಿದ್ದು ಈ ಗೊಂದಲದಲ್ಲಿಯೇ. ತನ್ನ ದಂಡಿನಿಂದ ಬೇರ್ಪಟ್ಟು, ದಾರಿ ಹುಡುಕುತ್ತ, ನಡುರಾತ್ರಿಯ ಹೊತ್ತಿಗೆ ಹ್ಯಾರಿಸನ ಗುಡಾರವನ್ನು ಸೇರಿದ ಅವನು ತೀವ್ರ ಕಳವಳದಿಂದ ತನ್ನ ಸೋಲನ್ನು ವರದಿ ಮಾಡಿದನೆಂದು ಹ್ಯಾರಿಸನ ದಿನಚರಿಯಿಂದ ತಿಳಿದುಬರುತ್ತದೆ. ಮರುದಿನ ಹಗಲು ಬೆಳಕಿನಲ್ಲಿ, ಹೆಚ್ಚಿನ ಬಲದೊಡನೆ, ಅವನೇ ಅದೇ ತೋಪನ್ನು ಬಹುಸುಲಭವಾಗಿ ವಶಪಡಿಸಿಕೊಂಡನು. ಆ ಅವಕಾಶವು ಅವನ ಕೈತಪ್ಪಿ ತನಗೆ ಬರುವಂತಿದ್ದಾಗ, ಕರ್ನಲನಿಗೆ ನಿನ್ನೆಯ ಅಪಮಾನವನ್ನು ತೊಳೆದುಕೊಳ್ಳುವ ಸಂದರ್ಭ ಕೊಡುವುದು ನ್ಯಾಯವೆಂದು ಬೇರ್ಡನೇ ಹೇಳಿದನೆಂದು ಬೇರ್ಡನ ಪಕ್ಷದ ಚರಿತ್ರಕಾರರು ಬರೆಯುತ್ತಾರೆ. ಅದು ನಿಜವಾಗಿದ್ದರೆ ಆ ಔದಾರ್ಯವನ್ನು ಮೆಚ್ಚಲೇಬೇಕು.

ಗುಂಡು ಇನ್ನು ನೂರು ಮಾರು ಹತ್ತಿರದಿಂದ ಹೊರಟಿದ್ದರೆ, ಅಥವಾ ಎರಡು ಮೊಳ ಮೇಲೆ ಹಾರಿದ್ದರೆ, ಏನಾಗುತ್ತಿತ್ತು?

ಈ ಪ್ರಶ್ನೆಗೆ ಉತ್ತರ ಕೊಡುವ ಮೊದಲು, ನಾಯಕನ ಮರಣವು ಸೈನ್ಯದ ಮೇಲೆ ಮಾಡುವ ಪರಿಣಾಮವು ಎಲ್ಲ ಕಾಲಕ್ಕೂ ಎಲ್ಲ ಸೇನೆಗಳಿಗೂ ಒಂದೇ ಬಗೆಯದಲ್ಲವೆಂಬುದನ್ನು ಗಮನಿಸಬೇಕು. ನಮ್ಮ ಪುರಾತನ ಸೈನ್ಯಗಳಲ್ಲಿ ಸೈನಿಕನಿಗೂ ರಾಜ್ಯಕ್ಕೂ ನೇರವಾದ ಸಂಬಂಧವಿರುತ್ತಿದ್ದುದು ಕಡಿಮೆ. ಅವನು ಉಣ್ಣುತ್ತಿದ್ದುದು ತನ್ನ ದಳಪತಿಯ ಅನ್ನವನ್ನು. ದಳಪತಿಯು ಜಹಗೀರನ್ನು ಅನುಭವಿಸುತ್ತಿದ್ದುದು ಅರಸನ ಅನುಗ್ರಹದಿಂದ. ಆ ಅನುಗ್ರಹವು ಅರಸನ ಉಸಿರಿನೊಡನೆ ನಿಂತುಹೋಗುವಂಥದು. ಆದುದರಿಂದಲೇ ನಾಯಕನು ಆನೆಯ ಮೇಲೆಯೋ ಪಲ್ಲಕ್ಕಿಯಲ್ಲಿಯೋ ಎಲ್ಲರ ಕಣ್ಣಿಗೆ ಬೀಳುವಂತೆ ಕುಳಿತಿರಬೇಕಾಗಿದ್ದಿತು, ಆದುದರಿಂದಲೇ ಅವನು ಕಣ್ಮರೆಯಾದ ಗಳಿಗೆಯಲ್ಲಿ ಹತ್ತಾರು ಸಾವಿರ ಮಂದಿ ತಾವು ಯಾರಿಗಾಗಿ ಹೋರಾಡುತ್ತಿದ್ದೇವೆಂಬುದನ್ನೇ ಅರಿಯದವರಾಗುತ್ತಿದ್ದರು. 1556ರಲ್ಲಿ ಪಾಣಿಪತ್ತಿನಲ್ಲಿ ಗೆಲುವಿನ ಹೊಸ್ತಿಲಲ್ಲಿದ್ದ ಹೇಮುವಿನ ಕಣ್ಣಿಗೆ ಬಾಣವೊಂದು ನಾಟಿದೊಡನೆ ಅವನ ದೊಡ್ಡ ಸೇನೆಯು ಚದುರಿತು. ಇದಕ್ಕಿಂತಲೂ ಕನ್ನಡಿಗರ ಹೃದಯವನ್ನು ಇಂದಿಗೂ ಕಲಕುವ ನಿದರ್ಶನವು 1565ರ ಜನವರಿ 23ರದು. ವಯೋವೃದ್ಧನಾದ ಅಳಿಯ ರಾಮರಾಯನು ಸೆರೆಸಿಕ್ಕು, ಹುಸೇನ್ ನಿಜಾಮ್ ಷಾಹನ ಎದುರಿನಲ್ಲಿ ಅವನ ಶಿರಚ್ಛೇದವಾಗಿ, ಆ ಶಿರಸ್ಸನ್ನು ಭರ್ಜಿಯ ತುದಿಗೆ ಚುಚ್ಚಿ ವಿಜಯನಗರದ ಸೈನಿಕರಿಗೆ ಕಾಣುವಂತೆ ಎತ್ತಿಹಿಡಿದಾಗ, ಆ ದಿನದ ಯುದ್ಧವು ಅಲ್ಲಿಗೆ ಮುಗಿಯಿತು. ರಾಮರಾಯನ ತಮ್ಮನಾದ ತಿರುಮಲನು ಅರಸನಾದ ಸದಾಶಿವರಾಯನನ್ನು ಕರೆದುಕೊಂಡು, ಬೊಕ್ಕಸವನ್ನೂ ತೆಗೆದುಕೊಂಡು ಪೆನುಗೊಂಡೆಗೆ ಹೊರಟುಹೋದನು. ಹಂಪೆಯನ್ನು ರಕ್ಷಿಸಿ ನಿಲ್ಲುವ ಪ್ರಯತ್ನವೇ ನಡೆಯಲಿಲ್ಲ. ರಾಜಧಾನಿಗೆ ಕೋಟೆಗಳಿಗೂ ಜನಕ್ಕೂ ಕೊರತೆಯಿರಲಿಲ್ಲ. ಆದರೆ ಎರಡು ದಶಕಗಳಿಗೂ ಮಿಕ್ಕಿ ಒಬ್ಬನ ಕೈಯಲ್ಲಿ ಕೂಡಿಕೊಂಡಿದ್ದ ಅಧಿಕಾರವನ್ನು ಆ ಸಂಜೆ ಕೈಗೆತ್ತಿಕೊಂಡು ಆಜ್ಞೆಮಾಡಬಲ್ಲ ಇನ್ನೊಬ್ಬನಿರಲಿಲ್ಲ.

ಇದಕ್ಕೆ ಪ್ರತಿಯಾಗಿ, ಅದೇ ಬಗೆಯ ವ್ಯಕ್ತಿನಿಷ್ಠ ಸೇನೆಯೊಂದು ನಾಯಕನ ಮರಣವನ್ನು ಜೀರ್ಣಿಸಿಕೊಂಡ ಘಟನೆಯೂ ನಮ್ಮ ನಾಡಿನ ಚರಿತ್ರೆಯಲ್ಲಿದೆ. ಅದನ್ನು ಓದಿದಾಗಲೆಲ್ಲ ಅದನ್ನು ನಿರ್ವಹಿಸಿದವರ ಧೈರ್ಯಕ್ಕೆ ನಾನು ಬೆರಗಾಗಿದ್ದೇನೆ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ, ಬೆನ್ನಿನ ಮೇಲೆದ್ದ ಹುಣ್ಣಿನಿಂದ ಹೈದರಾಲಿಯು ತೀರಿಕೊಂಡನು. ಯುದ್ಧ ನಡೆಯುತ್ತಿದೆ; ಮಗನಾದ ಟಿಪ್ಪುವು ಮಲಬಾರಿನಲ್ಲಿದ್ದಾನೆ; ಇಂಗ್ಲಿಷರಿಗೆ ಸುದ್ದಿ ತಿಳಿದರೆ ಮುಂದೇನೆಂಬ ಭಯ, ಪಾಳೆಯದೊಳಗೇ ಇನ್ನೊಬ್ಬ ಮಗನನ್ನು ಗದ್ದುಗೆಗೆ ತರಬೇಕೆಂಬ ಒಳಸಂಚು. ಆಗ ಹೈದರನ ಅಧಿಕಾರಿಗಳಾದ ಪೂರ್ಣಯ್ಯನವರೂ ಕೃಷ್ಣರಾಯನೂ ಸೇರಿ, ಮರಣದ ಸುದ್ದಿಯನ್ನು ಕೆಲವರೇ ಆಪ್ತರಲ್ಲಿ ಗುಟ್ಟಾಗಿ ಉಳಿಸಿ, ದೇಹವನ್ನು ಸುಗಂಧದ್ರವ್ಯಗಳೊಡನೆ ಪೆಟ್ಟಿಗೆಯಲ್ಲಿರಿಸಿ, ಬೆಲೆಬಾಳುವ ಸೊತ್ತನ್ನು ಸಾಗಿಸುವಂತೆ ಕಾವಲಿನೊಡನೆ ಕಳುಹಿಸಿಕೊಟ್ಟರು. ಎಂದಿನ ಆಜ್ಞೆಗಳು ಎಂದಿನಂತೆ ನವಾಬನ ಹೆಸರಿನಲ್ಲಿಯೇ ಹೊರಡುತ್ತಿದ್ದುವು. ಟಿಪ್ಪುವು ಬಂದು ಸೇರುವವರೆಗೆ ಆ ದೊಡ್ಡ ಸೇನೆಯು ಸತ್ತವನ ಅಪ್ಪಣೆಯಲ್ಲಿ ನಿಂತಿದ್ದಿತು. ಸೈನ್ಯವನ್ನು ಒಡೆಯುವುದು ನಾಯಕನ ಮರಣಕ್ಕಿಂತ ಹೆಚ್ಚಾಗಿ ಆ ಮರಣದ ಸುದ್ದಿಯೆಂದು ಇದರಿಂದ ಹೊಳೆಯುತ್ತದೆ. ಹಾಸಿಗೆಯಲ್ಲಿ ಸತ್ತವನ ಸುದ್ದಿಯನ್ನು ಅಡಗಿಸಬಹುದು. ಭರ್ಜಿಯ ತುದಿಗೇರಿದ ಶಿರಸ್ಸನ್ನು ಅಡಗಿಸುವವರಾರು?

ಸುಲ್ತಾನಪೇಟೆಯ ತೋಪಿಗೆ ನುಗ್ಗಿದ ದಂಡು ಈ ಎರಡು ವರ್ಗಕ್ಕೂ ಸೇರಿದುದಲ್ಲ. ಅಲ್ಲಿ ಕರ್ನಲನು ಬಿದ್ದರೆ ಮೇಜರನು, ಮೇಜರನು ಬಿದ್ದರೆ ಹಿರಿಯ ಕ್ಯಾಪ್ಟನನು ಎಂದು ಮೊದಲೇ ಗೊತ್ತಾಗಿರುತ್ತಿದ್ದಿತು. ಸಂಬಳವು ಬರುತ್ತಿದ್ದುದು ಖಜಾನೆಯಿಂದ. ವೆಲ್ಲೆಸ್ಲಿಯು ಆ ರಾತ್ರಿ ಮಡಿದಿದ್ದರೆ 33ನೆಯ ರೆಜಿಮೆಂಟಿನ ದಾಖಲೆಯಲ್ಲಿ ಒಂದು ಸಾಲು, ಗವರ್ನರ್ ಜನರಲನಿಗೆ ಒಂದು ದುಃಖದ ಪತ್ರ, ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಒಂದು ಗೋರಿ, ಇಷ್ಟೇ ಉಳಿಯುತ್ತಿದ್ದಿತು. ಮರುಬೆಳಗ್ಗೆ ಬೇರ್ಡನು ತೋಪನ್ನು ಹಿಡಿಯುತ್ತಿದ್ದನು. ಮುತ್ತಿಗೆಯ ಕೆಲಸ ಒಂದು ದಿನವೂ ತಡವಾಗುತ್ತಿರಲಿಲ್ಲ.

ಆದುದರಿಂದ, ವೆಲ್ಲೆಸ್ಲಿಯು ಸತ್ತಿದ್ದರೆ ಶ್ರೀರಂಗಪಟ್ಟಣ ಉಳಿಯುತ್ತಿತ್ತೆಂದು ಯಾರಾದರೂ ಭಾವಿಸುವುದಾದರೆ ಅದನ್ನು ನಾನು ಒಪ್ಪಲಾರೆ. ಮೇ 4ರ ಮಧ್ಯಾಹ್ನ ಕೋಟೆಯ ಬಿರುಕಿನ ಮೇಲೆ ಏರಿದವನು ಬೇರ್ಡನು. ವೆಲ್ಲೆಸ್ಲಿಯು ಆಗ ಹಿಂದಿನ ಕಂದಕಗಳಲ್ಲಿ ಮೀಸಲು ಪಡೆಯೊಡನೆ ಇದ್ದನು. ಟಿಪ್ಪು ಸುಲ್ತಾನನು ಸಾಮಾನ್ಯ ಸೈನಿಕನಂತೆ ಬಾಗಿಲಿನ ಇಕ್ಕಟ್ಟಿನಲ್ಲಿ ಹೋರಾಡಿ ಮಡಿದುದಕ್ಕೂ ಈ ಕರ್ನಲನಿಗೂ ಸಂಬಂಧವಿಲ್ಲ. ಆ ಕೋಟೆಯನ್ನು ಉಳಿಸಬಲ್ಲ ಶಕ್ತಿ ಒಂದಿದ್ದರೆ ಅದು ಮಳೆ. 1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸನು ಅರಕೆರೆಯ ಬಳಿ ಯುದ್ಧವನ್ನು ಗೆದ್ದೂ ಸಹ, ಮುಂಗಾರು ಮೊದಲಿಟ್ಟು, ಎತ್ತುಗಳು ರೋಗದಿಂದ ಸತ್ತು, ಧಾನ್ಯವು ಮುಗಿದು, ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಗಿ ಬಂದಿದ್ದಿತು. ಅಂಥದೇ ವಿಪತ್ತು 1799ರಲ್ಲಿಯೂ ಸಮೀಪಿಸುತ್ತಿದ್ದಿತು. ಮೇ ಮೊದಲ ವಾರದ ಹೊತ್ತಿಗೆ ಹ್ಯಾರಿಸನ ಪಾಳೆಯದಲ್ಲಿ ಸೈನಿಕರು ಅರೆಹೊಟ್ಟೆಯಲ್ಲಿದ್ದರು. ಕಾವೇರಿಯಲ್ಲಿ ಮೊಣಕಾಲುದ್ದದ ನೀರು ಆಳುದ್ದವಾಗುವುದಕ್ಕೆ ಘಟ್ಟದಲ್ಲಿ ಕೆಲವು ದಿನದ ಮಳೆ ಸಾಕು. ಹದಿನೈದು ದಿನ ಕೋಟೆ ತಡೆದಿದ್ದರೆ ಮೈಸೂರಿನ ಚರಿತ್ರೆ ಬೇರೆಯಾಗುತ್ತಿದ್ದಿತೇನೋ ಎಂದು ಹೇಳುವುದರಲ್ಲಿ ಅರ್ಥವುಂಟು.

ವೆಲ್ಲೆಸ್ಲಿಯ ಬದುಕು ಲೆಕ್ಕಕ್ಕೆ ಬರುವುದು ಕೋಟೆಯು ಬಿದ್ದ ಮರುದಿನದಿಂದ. ಗೆದ್ದ ಸೈನ್ಯವು ಪಟ್ಟಣವನ್ನು ಸೂರೆಮಾಡುತ್ತಿದ್ದಾಗ, ಕೋಟೆಯನ್ನು ಗೆದ್ದ ಬೇರ್ಡನನ್ನು ಬಿಟ್ಟು ಅವನಿಗಿಂತ ಕಿರಿಯನಾದ ವೆಲ್ಲೆಸ್ಲಿಯನ್ನು ಹ್ಯಾರಿಸನು ಪಟ್ಟಣದ ಅಧಿಕಾರಿಯನ್ನಾಗಿ ನೇಮಿಸಿದನು. ಬೇರ್ಡನು ತನ್ನ ಸಂಗಡಿಗರೊಡನೆ ಬೆಳಗಿನ ಉಪಾಹಾರಕ್ಕೆ ಕುಳಿತಿದ್ದಾಗ ವೆಲ್ಲೆಸ್ಲಿಯು ಆ ಆಜ್ಞಾಪತ್ರವನ್ನು ಹಿಡಿದು ಒಳಗೆ ಬಂದನು. ಈ ಅನ್ಯಾಯವನ್ನು ಬೇರ್ಡನು ಬದುಕಿರುವವರೆಗೆ ಮರೆಯಲಿಲ್ಲ. ಅವನ ಜಾಗದಲ್ಲಿದ್ದ ಯಾರೂ ಮರೆಯುತ್ತಿರಲಿಲ್ಲ. ಆದರೂ ನ್ಯಾಯವಾಗಿ ನೋಡಿದರೆ, ನಮ್ಮ ಪಟ್ಟಣದ ನಿವಾಸಿಗಳಿಗೆ ಆ ಅನ್ಯಾಯದಿಂದ ಹಿತವೇ ಆಯಿತೆಂದು ಒಪ್ಪಬೇಕು. ಲೂಟಿಗಾರರಲ್ಲಿ ಕೆಲವರನ್ನು ಗಲ್ಲಿಗೇರಿಸಿ, ಹಲವರನ್ನು ಹೊಡೆಸಿ, ಅಂಗಡಿಗಳು ಮತ್ತೆ ತೆರೆಯುವಂತೆ ಮಾಡಿದ ಅವನ ಕಾಠಿನ್ಯದಲ್ಲಿ ದ್ವೇಷದ ಲೇಶವಿರಲಿಲ್ಲ. ತನ್ನನ್ನು ಸಂಕೋಲೆಯಲ್ಲಿ ಇಟ್ಟಿದ್ದ ಊರಿನಲ್ಲಿ ಬೇರ್ಡನು ಅಷ್ಟು ನಿರ್ವಿಕಾರನಾಗಿ ಆಳುತ್ತಿದ್ದನೆ? ಬೇರ್ಡನು ಉದಾರಿ, ಶೂರ, ಆದರೆ ಕೋಪಿಷ್ಠ. ಐದು ವರ್ಷ ಪ್ರಾಯದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಜೂನ್ 30ರಂದು ಪಟ್ಟವಾಗಿ, ಪೂರ್ಣಯ್ಯನವರು ದಿವಾನರಾಗಿ ರಾಜ್ಯದ ಸೂತ್ರವನ್ನು ಹಿಡಿದಾಗ, ಅವರಿಗೂ ಆಂಗ್ಲ ಸೈನ್ಯಾಧಿಕಾರಕ್ಕೂ ನಡುವೆ ಬೆಳೆದ ವಿಶ್ವಾಸಕ್ಕೆ ವೆಲ್ಲೆಸ್ಲಿಯೇ ಮುಖ್ಯ ಕಾರಣನು. ದರಿಯಾ ದೌಲತ್ ಬಾಗಿನಲ್ಲಿ ವಾಸಮಾಡುತ್ತ, ಪ್ರತಿಯೊಂದು ದಂಡಯಾತ್ರೆಗೂ ಎತ್ತುಗಳನ್ನೂ ಧಾನ್ಯವನ್ನೂ ಕುದುರೆ ಸವಾರರನ್ನೂ ಪೂರ್ಣಯ್ಯನವರಿಂದ ಕೇಳಿ ಪಡೆದು, ಅವರ ಆಡಳಿತವನ್ನು ತನ್ನ ಪತ್ರಗಳಲ್ಲಿ ಮೇಲಿಂದ ಮೇಲೆ ಪ್ರಶಂಸಿಸಿದನು. ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರು 1804ರಲ್ಲಿ ಕಲ್ಲಿನ ಕಂಬಗಳ ಮೇಲೆ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯನ್ನು ಅನೇಕರು ಈತನ ಹೆಸರಿನದೆಂದು ತಿಳಿದಿದ್ದಾರೆ. ವಾಸ್ತವವಾಗಿ ಅದು ಗವರ್ನರ್ ಜನರಲನಾಗಿದ್ದ ಅಣ್ಣನ ಹೆಸರಿನದು.

ಇಲ್ಲಿ ಲ್ಯಾಂಬ್ಟನನ ಮಾತು ಮತ್ತೆ ಬರುತ್ತದೆ. ಯುದ್ಧವು ಮುಗಿದ ಮೇಲೆ ಅವನು ದಕ್ಷಿಣ ಭಾರತವನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ತ್ರಿಕೋನಗಳ ಮೂಲಕ ಅಳೆಯುವ ಒಂದು ಯೋಜನೆಯನ್ನು ಸಿದ್ಧಪಡಿಸಿ, ತನ್ನ ರೆಜಿಮೆಂಟಿನ ಕರ್ನಲನಾದ ವೆಲ್ಲೆಸ್ಲಿಯ ಮುಂದಿಟ್ಟನು. ವೆಲ್ಲೆಸ್ಲಿಯ ಶಿಫಾರಸಿನೊಡನೆ ಅದು ಮದರಾಸು ಸರ್ಕಾರಕ್ಕೆ ಹೋಗಿ ಮಂಜೂರಾಯಿತು. 1800ರಲ್ಲಿ ಬೆಂಗಳೂರಿನ ಬಳಿ ಮೊದಲ ಅಳತೆ. 1802ರಲ್ಲಿ ಮದರಾಸಿನಲ್ಲಿ ವಿಧ್ಯುಕ್ತವಾದ ಆರಂಭ. ಕೊನೆಗೆ ಹಿಮಾಲಯದ ಶಿಖರಗಳ ಎತ್ತರವನ್ನು ಗೊತ್ತುಮಾಡಿದ ಮಹಾ ಮೋಜಣಿಯು ಇದೇ. ಗವರ್ನರ್ ಜನರಲನ ತಮ್ಮನಲ್ಲದ ಯಾವನೋ ಒಬ್ಬ ಕರ್ನಲನು ಆ ಕಾಗದವನ್ನು ಮುಂದೆ ಕಳುಹಿಸಿದ್ದರೆ, ಯುದ್ಧದ ಸಾಲದಲ್ಲಿ ಮುಳುಗಿದ್ದ ಕಂಪೆನಿಯ ಸರ್ಕಾರವು ಅಷ್ಟು ವೆಚ್ಚದ ವಿಜ್ಞಾನಕಾರ್ಯಕ್ಕೆ ಕೈಹಾಕುತ್ತಿದ್ದಿತೆ ಎಂಬುದು ಸಂದೇಹಾಸ್ಪದ. ಸೇನಾನಿಯ ಮರಣದಿಂದ ಯುದ್ಧಗಳ ಫಲ ಬದಲಾಗುವುದನ್ನು ಮಾತ್ರ ನಾವು ಎಣಿಸುತ್ತೇವೆ. ಅವನು ಬದುಕಿದ್ದು ಒಂದು ಕಾಗದದ ಕೆಳಗೆ ಹಾಕುವ ಸಹಿಯಿಂದ ಆಗುವುದನ್ನು ಎಣಿಸುವುದಿಲ್ಲ.

ಧೋಂಡಿಯಾ ವಾಘನ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾಗಿ, ಚದುರಿಹೋಗಿದ್ದ ಸುಲ್ತಾನನ ಸವಾರರನ್ನು ಕೂಡಿಸಿಕೊಂಡು, ಉಭಯ ಲೋಕಗಳಿಗೂ ತಾನೇ ಒಡೆಯನೆಂದು ಸಾರಿಕೊಂಡು ತುಂಗಭದ್ರೆಯ ಆಚೆಯ ಸೀಮೆಯಲ್ಲಿ ತಿರುಗುತ್ತಿದ್ದ ಆ ಸಾಹಸಿಯನ್ನು ವೆಲ್ಲೆಸ್ಲಿಯು ತಿಂಗಳುಗಟ್ಟಲೆ ಬೆನ್ನಟ್ಟಿ, 1800ರ ಸೆಪ್ಟೆಂಬರ್ 10ರಂದು ಕೋನಗಲ್ ಎಂಬಲ್ಲಿ ನಾಲ್ಕು ಅಶ್ವದಳಗಳ ಮುಂದೆ ತಾನೇ ನಿಂತು ನುಗ್ಗಿ ಸೋಲಿಸಿದನು. ಧೋಂಡಿಯನು ಅಲ್ಲಿ ಮಡಿದನು. ಅವನ ಬಳಗವು ಅಂದೇ ಕರಗಿತು. ಹೇಮುವಿನ ಸೇನೆಗೆ ಆದುದೇ ಇಲ್ಲಿಯೂ ಆಯಿತು. ಆದರೆ ಅದೇ ನುಗ್ಗಾಟದಲ್ಲಿ ವೆಲ್ಲೆಸ್ಲಿಯು ಬಿದ್ದಿದ್ದರೆ ಅವನ ನಾಲ್ಕು ದಳಗಳು ನಿಲ್ಲದೆ ಮುಂದುವರಿಯುತ್ತಿದ್ದುವು. ಸತ್ತವನ ಎಳೆಯ ಮಗನಾದ ಸಲಾಬತ್ ಖಾನನು ಸಾಮಾನುಗಳ ನಡುವೆ ಸಿಕ್ಕಿದಾಗ ಅವನನ್ನು ತನ್ನ ಡೇರೆಗೆ ಕರೆತಂದು ಪೋಷಣೆಗೆ ಏರ್ಪಾಡು ಮಾಡಿದ ವೆಲ್ಲೆಸ್ಲಿಯ ನಡತೆಯು ಅವನ ಜೀವಿತದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ.

ಈ ದಂಡಯಾತ್ರೆಯಲ್ಲಿ ಅವನು ಕಲಿತ ವಿದ್ಯೆ ಯೂರೋಪಿನಲ್ಲಿ ಅವನಿಗೆ ಒದಗಿದಷ್ಟು ಬೇರೆ ಯಾವುದೂ ಒದಗಲಿಲ್ಲ. ಬೆನ್ನಟ್ಟುವವನಿಗೆ ಕತ್ತಿಗಿಂತ ಅಕ್ಕಿ ಮುಖ್ಯವೆಂಬುದನ್ನು ಅವನು ಕಂಡನು. ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಸೈನ್ಯದ ಹಿಂದೆ ಬರುವ ಲಂಬಾಣಿಗರಿಗೆ ಹಣವನ್ನು ತಡಮಾಡದೆ ಕೊಡುವುದು, ಹಳ್ಳಿಯವರ ಪೈರನ್ನು ಸುಲಿಯದೆ ಕ್ರಯಕ್ಕೆ ಕೊಳ್ಳುವುದು, ಯಾವ ನದಿಯು ಯಾವ ತಿಂಗಳಲ್ಲಿ ತುಂಬುವುದೆಂದು ವಿಚಾರಿಸಿಕೊಳ್ಳುವುದು, ಅಮೃತಮಹಲಿನ ಎತ್ತುಗಳ ನಡಿಗೆಯ ವೇಗವನ್ನು ಲೆಕ್ಕಹಾಕಿ ದಿನದ ಪಯಣವನ್ನು ಗೊತ್ತುಮಾಡುವುದು, ಇವು ಅವನ ಪಾಠಗಳು. ಸುಲ್ತಾನಪೇಟೆಯು ಕಲಿಸಿದ ಪಾಠವು ಇನ್ನೂ ಕಟುವಾದುದು: ಹಗಲಿನಲ್ಲಿ ಕಣ್ಣಾರೆ ಪರಿಶೀಲಿಸದ ನೆಲೆಯ ಮೇಲೆ, ಸಿದ್ಧನಾಗಿ ಕಾದಿರುವ ಶತ್ರುವನ್ನು ಇರುಳಿನಲ್ಲಿ ಎಂದಿಗೂ ಮುತ್ತಬಾರದೆಂದು ಅವನು ತನ್ನ ಅಣ್ಣನಿಗೆ ಬರೆದು ಪ್ರತಿಜ್ಞೆ ಮಾಡಿದನು. ಅವನನ್ನು ಕೊಲ್ಲಬಹುದಾಗಿದ್ದ ರಾತ್ರಿಯೇ ಅವನನ್ನು ಸೇನಾಪತಿಯನ್ನಾಗಿಯೂ ಮಾಡಿತು.

1803ರ ಸೆಪ್ಟೆಂಬರ್ 23ರಂದು ಅಸಾಯೆಯಲ್ಲಿ ಶಿಂಧೆಯ ಮತ್ತು ಭೋಂಸಲೆಯ ಕೂಡುಸೇನೆಯನ್ನು ಅವನು ಎದುರಿಸಿದಾಗ ಮೃತ್ಯುವು ಮತ್ತೆ ಅವನ ಸಮೀಪಕ್ಕೆ ಬಂದಿತು. ಕೈಲನಾ ನದಿಯ ಎರಡು ದಡಗಳಲ್ಲಿ ಎರಡು ಹಳ್ಳಿಗಳು ಎದುರುಬದುರಾಗಿ ಇರುವುದನ್ನು ನೋಡಿ, ಇವುಗಳ ನಡುವೆ ಹಾಯ್ಗಡವು ಇರಲೇಬೇಕೆಂದು ತರ್ಕಿಸಿ, ಮಾರ್ಗದರ್ಶಿಗಳ ಮಾತನ್ನು ಲಕ್ಷಿಸದೆ ಅವನು ನೀರಿಗಿಳಿದನು. ದಾಟುತ್ತಿರುವಾಗ ಅವನ ಪಕ್ಕದಲ್ಲಿದ್ದ ಸವಾರನ ತಲೆಯನ್ನು ಫಿರಂಗಿಯ ಗುಂಡು ಹಾರಿಸಿಕೊಂಡು ಹೋಯಿತು. ಆ ದಿನ ಅವನು ಏರಿದ್ದ ಕುದುರೆಯೊಂದು ಗುಂಡಿಗೆ ಸತ್ತಿತು. ಇನ್ನೊಂದಕ್ಕೆ ಭರ್ಜಿಯ ಇರಿತವಾಯಿತು. ಸತ್ತವರೂ ಗಾಯಗೊಂಡವರೂ ಅವನ ಕಡೆಯಲ್ಲಿಯೇ ಒಂದೂವರೆ ಸಾವಿರಕ್ಕೆ ಮಿಕ್ಕಿದರು. ಅಲ್ಲಿ ಅವನು ಮಡಿದಿದ್ದರೆ ಆ ಯುದ್ಧವು ಸೋಲಿನಲ್ಲಿ ಮುಗಿಯುತ್ತಿದ್ದಿತೆಂದು ನನಗೆ ತೋರುತ್ತದೆ, ಏಕೆಂದರೆ ನದಿಗಳ ನಡುವಣ ಆ ಇಕ್ಕಟ್ಟಿನಲ್ಲಿ ಏನು ಮಾಡಬೇಕೆಂಬ ಯೋಚನೆಯು ಅವನೊಬ್ಬನ ತಲೆಯಲ್ಲಿದ್ದಿತು. ಆದರೆ ಮರಾಠರ ಒಕ್ಕೂಟವು ಅದರಿಂದ ಉಳಿಯುತ್ತಿದ್ದಿತೆ? ಉತ್ತರದಲ್ಲಿ ಆಂಗ್ಲ ಸೇನಾಪತಿಯಾದ ಲೇಕನು ದೆಹಲಿಯನ್ನು ಆಗಲೇ ಹಿಡಿದಿದ್ದನು. ನವೆಂಬರಿನಲ್ಲಿ ಲಾಸ್ವಾರಿಯಲ್ಲಿ ಶಿಂಧೆಯ ಉಳಿದ ದಳಗಳನ್ನು ಮುರಿದನು. ಇನ್ನೊಂದು ಪಕ್ಕದಲ್ಲಿ, 1804ರಲ್ಲಿ ಯಶವಂತರಾವ್ ಹೋಳ್ಕರನ ಮುಂದೆ ಕರ್ನಲ್ ಮಾನ್ಸನನು ಪಟ್ಟ ಪಾಡನ್ನು ನೆನೆದರೆ, ಒಳ್ಳೆಯ ನಾಯಕನಿಲ್ಲದ ಕಂಪೆನಿಯ ಸೈನ್ಯವು ಅಜೇಯವೇನೂ ಆಗಿರಲಿಲ್ಲವೆಂಬುದು ಸ್ಪಷ್ಟ. ಒಕ್ಕೂಟದ ಪತನವು ಕೆಲವು ವರ್ಷ ಮುಂದೆ ಹೋಗುತ್ತಿದ್ದಿತೆಂದು ಹೇಳಬಹುದು. ತಮ್ಮತಮ್ಮಲ್ಲಿ ಒಡೆದುಹೋಗಿದ್ದ ಮನೆತನಗಳು ಆ ಅವಧಿಯಲ್ಲಿ ಒಂದಾಗುತ್ತಿದ್ದುವೆಂದು ಹೇಳುವುದಕ್ಕೆ ಧೈರ್ಯ ಬಾರದು.

1805ರಲ್ಲಿ ವೆಲ್ಲೆಸ್ಲಿಯು ಭಾರತವನ್ನು ಬಿಟ್ಟನು. ಸುಲ್ತಾನಪೇಟೆಯ ಗುಂಡಿನ ನಿಜವಾದ ತೂಕವು ಸ್ಪೇನ್ ಪೋರ್ಚುಗಲ್ ದೇಶಗಳ ನೆಲದಲ್ಲಿ ಗೊತ್ತಾಗುತ್ತದೆ. 1809ರ ಜನವರಿ 16ರಂದು ಸ್ಪೇನಿನ ಕರುನ್ನಾ ಬಂದರಿನಲ್ಲಿ ಆಂಗ್ಲ ಸೇನಾಧಿಪತಿಯಾದ ಸರ್ ಜಾನ್ ಮೂರನು ಫಿರಂಗಿಯ ಗುಂಡಿಗೆ ಮಡಿದನು. ಅವನ ಅನಂತರದ ಅಧಿಕಾರಿಯು ಬೇರಾರೂ ಅಲ್ಲ, ನಮ್ಮ ಬೇರ್ಡನೇ. ಆದರೆ ಅದೇ ದಿನ ಅವನ ಎಡಗೈಯೂ ನುಚ್ಚುನೂರಾಗಿ ಅದನ್ನು ಕತ್ತರಿಸಬೇಕಾಯಿತು. ಜನರಲ್ ಹೋಪನು ಸೈನ್ಯವನ್ನು ಹಡಗು ಹತ್ತಿಸಿ ತಾಯ್ನಾಡಿಗೆ ಕರೆದೊಯ್ದನು. ಒಬ್ಬರ ಹಿಂದೊಬ್ಬರು ಇಬ್ಬರು ನಾಯಕರು ಬಿದ್ದರೂ ಆ ಸೈನ್ಯವು ಚದುರಲಿಲ್ಲ. ಆದರೆ ಯುದ್ಧವನ್ನು ಮುಂದುವರಿಸಬೇ­ಕೆ ಬೇಡವೆ ಎಂಬ ಪ್ರಶ್ನೆಗೆ ಶ್ರೇಣಿಯ ನಿಯಮಗಳು ಉತ್ತರ ಹೇಳಲಾರವು. ಫ್ರೆಂಚರ ಬಲವು ಹೆಚ್ಚಾಗಿದ್ದರೆ ಪೋರ್ಚುಗಲ್ಲನ್ನು ರಕ್ಷಿಸುವುದು ಅಸಾಧ್ಯವೆಂದು ಮೂರನು ಮಂತ್ರಿಗಳಿಗೆ ಬರೆದಿದ್ದನು. ಇಪ್ಪತ್ತು ಸಾವಿರ ಮಂದಿ ಆಂಗ್ಲರೂ ಶಿಕ್ಷಣ ಕೊಟ್ಟ ಪೋರ್ಚುಗೀಸರೂ ಇದ್ದರೆ ಅದು ಸಾಧ್ಯವೆಂದು ವೆಲ್ಲೆಸ್ಲಿಯು ಬರೆದನು. ಮಂತ್ರಿಗಳು ಇವನನ್ನು ನಂಬಿದರು. ಲಿಸ್ಬನ್ನಿನ ಉತ್ತರಕ್ಕೆ ಟೊರೆಸ್ ವೆದ್ರಾಸಿನಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಕೋಟೆಗಳ ಸಾಲನ್ನು ಗುಟ್ಟಾಗಿ ಕಟ್ಟಿಸಿ, ಅದರ ಮುಂದಿನ ಸೀಮೆಯಲ್ಲಿ ಧಾನ್ಯವು ಶತ್ರುವಿಗೆ ಸಿಕ್ಕದಂತೆ ಮಾಡಿ, 1810ರ ಚಳಿಗಾಲದಲ್ಲಿ ಫ್ರೆಂಚ್ ಸೇನಾಪತಿಯಾದ ಮಾಸ್ಸೇನನ ಸೈನ್ಯವನ್ನು ಅವನು ಹಸಿವಿನಿಂದ ಹಿಂದಿರುಗಿಸಿದನು. ಇದು ಕಾವೇರಿಯ ದಡದಲ್ಲಿ ಹಸಿದ ಪಾಳೆಯವನ್ನು ಕಂಡವನ ಯುದ್ಧತಂತ್ರ. ಹ್ಯಾರಿಸನಿಗೆ ಮಳೆಯೂ ಹಸಿವೂ ಏನು ಮಾಡಬಹುದಾಗಿದ್ದಿತೋ ಅದನ್ನು ಅವನು ಫ್ರೆಂಚರಿಗೆ ಮಾಡಿದನು. ಅವನಿಲ್ಲದಿದ್ದರೆ ಆಂಗ್ಲರು 1809ರಲ್ಲಿಯೇ ಆ ದ್ವೀಪಕಲ್ಪವನ್ನು ಬಿಟ್ಟುಬಿಡುತ್ತಿದ್ದರೆಂಬುದು ನನ್ನ ಅಭಿಪ್ರಾಯ; ನೆಪೋಲಿಯನ್ನನ ಎರಡು ಲಕ್ಷಕ್ಕೂ ಹೆಚ್ಚಿನ ಸೈನಿಕರನ್ನು ವರ್ಷಗಟ್ಟಲೆ ಅಲ್ಲಿ ಕಟ್ಟಿಹಾಕಿದ ಆ ಯುದ್ಧವು ಸ್ಪ್ಯಾನಿಷ್ ಜನತೆಯ ಚದುರಿದ ಹೋರಾಟವಾಗಿ ಮಾತ್ರ ಉಳಿಯುತ್ತಿದ್ದಿತು.

ವಾಟರ್ಲೂ ವಿಷಯದಲ್ಲಿ ಲೋಕವು ಹೇಳುವಷ್ಟನ್ನು ನಾನು ಹೇಳಲಾರೆ. ಅಲ್ಲಿ ವೆಲಿಂಗ್ಟನನ ಸಹಾಯಕ್ಕೆ ಸಂಜೆಯೊಳಗಾಗಿ ಪ್ರಷ್ಯದ ಬ್ಲೂಷರನು ಬಾರದಿದ್ದರೆ ಗೆಲುವು ಸಂದೇಹಾಸ್ಪದವಾಗಿದ್ದಿತು. ಎರಡು ದಿನಗಳ ಹಿಂದೆ ಲಿನ್ಯೀಯ ಯುದ್ಧದಲ್ಲಿ ಎಪ್ಪತ್ತೆರಡು ವರ್ಷದ ಆ ಮುದುಕನು ಸತ್ತ ಕುದುರೆಯ ಅಡಿಯಲ್ಲಿ ಸಿಕ್ಕಿಬಿದ್ದಾಗ, ಫ್ರೆಂಚ್ ಸವಾರರು ಅವನ ಪಕ್ಕದಲ್ಲಿಯೇ ಹಾದುಹೋದರು. ಆಗ ಅವನು ಮಡಿದಿದ್ದರೆ, ಆಂಗ್ಲರನ್ನು ನಂಬದ ಗ್ನೈಸೆನಾವನ ಕೈಗೆ ಸೇನೆಯು ಹೋಗುತ್ತಿದ್ದಿತು. ಬ್ಲೂಷರನ ಉಸಿರೂ ವೆಲಿಂಗ್ಟನನ ಉಸಿರಿನಷ್ಟೇ ಆ ದಿನದ ಭಾರವನ್ನು ಹೊತ್ತಿದ್ದಿತು. ಇಬ್ಬರೂ ಇಲ್ಲದೆ ನೆಪೋಲಿಯನ್ನನು ಬ್ರಸೆಲ್ಸನ್ನು ಸೇರಿದ್ದರೂ, ಆಸ್ಟ್ರಿಯಾ ರಷ್ಯಗಳ ಸೇನೆಗಳು ರೈನ್ ನದಿಯ ಕಡೆಗೆ ಬರುತ್ತಲೇ ಇದ್ದುವು. ವಿಯೆನ್ನಾದಲ್ಲಿ ನಾಲ್ಕು ರಾಷ್ಟ್ರಗಳು ಒಂದೊಂದೂ ಒಂದೂವರೆ ಲಕ್ಷ ಸೈನಿಕರನ್ನು ಕೊಡುವುದಾಗಿ ಮಾತು ಕೊಟ್ಟಾಗಿದ್ದಿತು. ಚಕ್ರವರ್ತಿಯ ಪತನವು ತಡವಾಗುತ್ತಿದ್ದಿತು, ತಪ್ಪುತ್ತಿರಲಿಲ್ಲ.

ಬದಲಾಗುತ್ತಿದ್ದುದು ಪತನದ ಅನಂತರದ ಶಾಂತಿ. ಪ್ಯಾರಿಸನ್ನು ಹೊಕ್ಕ ಪ್ರಷ್ಯದವರು ಫ್ರಾನ್ಸಿನಿಂದ ಪ್ರಾಂತಗಳನ್ನು ಕಿತ್ತುಕೊಳ್ಳಬೇಕೆಂದೂ, ತಮ್ಮ ಹಳೆಯ ಸೋಲನ್ನು ನೆನಪಿಸುವ ಯೇನಾ ಸೇತುವೆಯನ್ನು ಸಿಡಿಮದ್ದಿನಿಂದ ಹಾರಿಸಬೇಕೆಂದೂ ಪಟ್ಟುಹಿಡಿದಿದ್ದರು. ಅವೆರಡನ್ನೂ ವಿರೋಧಿಸಿದವರಲ್ಲಿ ವೆಲಿಂಗ್ಟನನು ಮುಂದಾಳು. ಶ್ರೀರಂಗಪಟ್ಟಣದಲ್ಲಿ ಸೂರೆಯನ್ನು ನಿಲ್ಲಿಸಿದ ಅಧಿಕಾರಿಯೇ ಪ್ಯಾರಿಸಿನಲ್ಲಿಯೂ ಸೋತವನನ್ನು ಸುಲಿಯುವುದಕ್ಕೆ ಅಡ್ಡಬಂದನು. ಫ್ರಾನ್ಸಿನಲ್ಲಿ ಐದು ವರ್ಷಗಳವರೆಗೆ ಇರಬಹುದಾಗಿದ್ದ ಮಿತ್ರರಾಷ್ಟ್ರಗಳ ಕಾವಲು ಸೈನ್ಯಕ್ಕೆ ಅವನೇ ಅಧಿಪತಿಯಾಗಿದ್ದು, ಮೂರೇ ವರ್ಷಗಳಲ್ಲಿ, 1818ರಲ್ಲಿ, ಅದನ್ನು ಹಿಂದಕ್ಕೆ ಕರೆಸಿಕೊಳ್ಳಬಹುದೆಂದು ಸಮ್ಮತಿ ಕೊಟ್ಟನು. ಆ ಸ್ಥಾನದಲ್ಲಿ ಬ್ಲೂಷರನಂಥ ಪ್ರಷ್ಯದ ಸೇನಾಪತಿಯೊಬ್ಬನು ಇದ್ದಿದ್ದರೆ, ಫ್ರಾನ್ಸಿಗೂ ಜರ್ಮನಿಗೂ ನಡುವಣ ಗಡಿಯ ಪ್ರಾಂತಗಳ ವ್ಯಾಜ್ಯವು 1871ರವರೆಗೆ ಕಾಯದೆ, 1815ರಲ್ಲಿಯೇ ಮೊದಲಾಗುತ್ತಿದ್ದಿತು.